ನಡುಮನೆಯ ಕಂಪ್ಯೂಟರ್, ಊರವರ ಆಧಾರ್

ಕಬಿನಿ ಅಣೆಕಟ್ಟೆಯ ಪಕ್ಕದ ನಮ್ಮ ಬೀಚನಹಳ್ಳಿಯಲ್ಲಿ, ನಮ್ಮ ಬೀದಿಗೆ ಇರುವುದು ಒಂದೇ ಕಂಪ್ಯೂಟರ್. ಅದು ನಮ್ಮ ಮನೆಯಲ್ಲಿದೆ. ಬಿ.ಕಾಂ. ಮುಗಿಸಿ, ಎಫ್‌ಡಿಎ, ಪಿಡಿಒ ಎಂದು ಅರ್ಜಿ ಹಾಕಿಕೊಂಡು ಓದುತ್ತಿರುವ ನನಗೆಂದು ಅಪ್ಪ ಮೈಸೂರಿನಿಂದ 11 ಸಾವಿರ ರೂಪಾಯಿಗೆ ತಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಅದು. ಅದು ನನ್ನೊಬ್ಬಳದಾಗಿ ಉಳಿದದ್ದು ಹೆಚ್ಚೆಂದರೆ ಒಂದು ವಾರ. ಪಹಣಿ ಬೇಕಾದವರು, ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವವರು, ಜಾತಿ-ಆದಾಯ ಪ್ರಮಾಣಪತ್ರ ಪ್ರಿಂಟ್ ತೆಗೆಸುವವರು, ಯುವನಿಧಿಗೆ ಸ್ವಯಂ ಘೋಷಣೆ ಕೊಡಬೇಕಾದ ಗೆಳತಿಯರು, ಎಲ್ಲರೂ ನಮ್ಮ ನಡುಮನೆಗೇ ಬರುತ್ತಾರೆ. ಎಚ್.ಡಿ. ಕೋಟೆಗೆ ಹೋಗಿ ಸರದಿಯಲ್ಲಿ ನಿಂತರೆ ಅರ್ಧ ದಿನದ ಕೂಲಿ ಹೋಗುತ್ತದೆ. ‘ಒಂದ್ ನಿಮ್ಸ ನೋಡ್ಕೊಡವ್ವ’ ಎಂದು ಬಾಗಿಲಲ್ಲಿ ನಿಂತವರಿಗೆ ಇಲ್ಲ ಎನ್ನಲು ನನಗೂ ಮನಸ್ಸು ಬರುವುದಿಲ್ಲ.

ಕಳೆದ ವರ್ಷದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ನನ್ನ ಇಮೇಲ್ ತೆರೆಯಲಿಲ್ಲ. ಪಾಸ್‌ವರ್ಡ್ ತಪ್ಪು ಎಂದಿತು. ನಾನೇ ಮರೆತಿರಬೇಕು ಎಂದುಕೊಂಡು ಬದಲಿಸಲು ಹೋದೆ. ಅಲ್ಲಿ ನನ್ನ ಫೋನ್ ನಂಬರ್ ಇರಬೇಕಾದ ಜಾಗದಲ್ಲಿ ಬೇರೆ ಯಾವುದೋ ನಂಬರಿನ ಕೊನೆಯ ಎರಡು ಅಂಕಿ ಕಾಣಿಸಿತು. ಆಗ ಕೈಕಾಲು ತಣ್ಣಗಾಯಿತು. ನಾನು ಇದುವರೆಗೆ ಅರ್ಜಿ ಹಾಕಿದ ಪರೀಕ್ಷೆಗಳ ನೋಂದಣಿ, ಪ್ರವೇಶಪತ್ರ, ಶುಲ್ಕದ ರಸೀದಿ ಎಲ್ಲ ಬರುವುದು ಅದೇ ವಿಳಾಸಕ್ಕೆ. ಖಾತೆ ಕೈಗೆ ಮರಳುವಷ್ಟರಲ್ಲಿ ಆರು ದಿನ ಕಳೆದಿತ್ತು. ಅಷ್ಟರಲ್ಲಿ ಒಂದು ಅರ್ಜಿಯ ತಿದ್ದುಪಡಿಯ ಗಡುವೂ ದಾಟಿತ್ತು.

ನನ್ನ ಇಮೇಲ್ ಹೋದದ್ದು ನನ್ನ ತಲೆನೋವು. ಅದಕ್ಕಿಂತ ದೊಡ್ಡ ಸಂಕಟ ಎರಡನೇ ದಿನ ಶುರುವಾಯಿತು. ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿದೆ. ಅದರಲ್ಲಿ ನಮ್ಮ ಬೀದಿಯ ಹನ್ನೊಂದು ಮನೆಯವರ ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ರೇಷನ್ ಕಾರ್ಡ್, ಫೋಟೊ ಎಲ್ಲವೂ ಬಿದ್ದಿದ್ದವು. ಪ್ರಿಂಟ್ ತೆಗೆದ ಮೇಲೆ ನಾನು ಅವುಗಳನ್ನು ಅಳಿಸಿರಲೇ ಇಲ್ಲ. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ ಸೇರಿಸಿದರೆ ಅದೇ ಪಾಸ್‌ವರ್ಡ್. ಪಕ್ಕದ ಫೈಲಿನಲ್ಲೇ ಅವರ ಹೆಸರು, ಜನ್ಮದಿನಾಂಕ ಇರುವಾಗ ಅದು ಬೀಗದ ಮೇಲೆ ಕೀಲಿಕೈ ನೇತುಹಾಕಿದ ಹಾಗೆ. ಆ ಫೈಲುಗಳು ಹೊರಗೆ ಹೋದವೋ ಇಲ್ಲವೋ ಎಂದು ಖಚಿತವಾಗಿ ತಿಳಿಯುವ ದಾರಿ ನನಗಿರಲಿಲ್ಲ. ಹೋಗಿವೆ ಎಂದುಕೊಂಡೇ ಮುಂದಿನ ಕೆಲಸ ಮಾಡಬೇಕಾಯಿತು.

ಇಷ್ಟಕ್ಕೆಲ್ಲ ಕಾರಣ ನಾನೇ ಒಳಗೆ ಬಿಟ್ಟುಕೊಂಡ ಒಂದು ಫೈಲ್. ಎಕ್ಸೆಲ್ ಕಲಿಯಬೇಕೆಂದು ಪರಿಚಯದವರೊಬ್ಬರ ಪೆನ್‌ಡ್ರೈವ್‌ನಿಂದ ‘ಫ್ರೀ’ ಆಫೀಸ್ ಹಾಕಿಕೊಂಡಿದ್ದೆ. ವಿಂಡೋಸ್ ಅಸಲಿಯೇ ಆಗಿತ್ತು, ಹಳೆಯ ಪರವಾನಗಿ ಕಂಪ್ಯೂಟರಿನ ಜೊತೆಗೇ ಬಂದಿತ್ತು. ಆಫೀಸ್ ಮಾತ್ರ ಕ್ರ್ಯಾಕ್ ಮಾಡಿದ್ದು. ಅದರ ಜೊತೆಗಿದ್ದ ಚೀಟಿಯಂಥ ಫೈಲಿನಲ್ಲಿ ಮೊದಲ ಸೂಚನೆಯೇ ‘ಆಂಟಿವೈರಸ್ ಆಫ್ ಮಾಡಿ’ ಎಂದಿತ್ತು. ನಾನು ಆಫ್ ಮಾಡಿದೆ. ಮತ್ತೆ ಆನ್ ಮಾಡಲಿಲ್ಲ. ಮನೆಗೆ ಬಂದವನು ‘ಮೊದಲು ನಾಯಿಯನ್ನು ಕಟ್ಟಿಹಾಕಿ’ ಎಂದರೆ ನಾವು ಯಾಕೆ ಎಂದು ಕೇಳುತ್ತೇವೆ. ಇಲ್ಲಿ ಕೇಳಲೇ ಇಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಇಂಥ ಕ್ರ್ಯಾಕ್‌ಗಳ ಜೊತೆ ಬರುವ ಒಂದು ಬಗೆಯ ಕಳ್ಳ ತಂತ್ರಾಂಶ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಪರದೆ ಕಪ್ಪಾಗುವುದಿಲ್ಲ, ಫೈಲ್ ಹಾಳಾಗುವುದಿಲ್ಲ. ಬ್ರೌಸರ್‌ನಲ್ಲಿ ನಾವು ‘ಸೇವ್’ ಮಾಡಿದ ಪಾಸ್‌ವರ್ಡ್‌ಗಳನ್ನೂ, ಲಾಗಿನ್ ಆಗಿಯೇ ಇರಲು ಬ್ರೌಸರ್ ಇಟ್ಟುಕೊಂಡಿರುವ ಗುರುತುಗಳನ್ನೂ ಗುಡಿಸಿಕೊಂಡು ಹೊರಗೆ ಕಳಿಸುತ್ತದೆ. ಆ ಗುರುತು ಸಿಕ್ಕವರಿಗೆ ಕೆಲವೊಮ್ಮೆ ಒಟಿಪಿಯ ಅಗತ್ಯವೂ ಬೀಳುವುದಿಲ್ಲ. ಅದಕ್ಕೇ ನನ್ನ ಫೋನಿಗೆ ಒಂದು ಒಟಿಪಿಯೂ ಬರದೆ ಖಾತೆ ಕೈತಪ್ಪಿತ್ತು.

ನನ್ನದೊಂದು ಮನೆಯ ಕತೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಾಲೇಜು ಗೆಳತಿಯರನ್ನು ವಿಚಾರಿಸಿದೆ. ಬಹುತೇಕರ ಮನೆಯಲ್ಲಿ ಇದೇ ಥರದ ಹಳೆಯ ಕಂಪ್ಯೂಟರ್, ಇದೇ ಥರದ ಕ್ರ್ಯಾಕ್, ಇದೇ ಥರ ಊರವರ ದಾಖಲೆ. ‘ನಮ್ಮ ಕಂಪ್ಯೂಟರಲ್ಲಿ ಕದಿಯೋಕೆ ಏನಿದೆ ಬಿಡೇ’ ಎಂದು ಒಬ್ಬಳು ನಕ್ಕಳು. ಒಂದು ತಿಂಗಳ ಹಿಂದೆ ನಾನೂ ಹಾಗೇ ಅನ್ನುತ್ತಿದ್ದೆ. ಈಗ ಅನ್ನಿಸುವುದೇ ಬೇರೆ. ಸರ್ಕಾರದ ಸೇವೆಗಳೆಲ್ಲ ಆನ್‌ಲೈನ್ ಆದ ಮೇಲೆ ಹಳ್ಳಿಯ ಮನೆಯ ಕಂಪ್ಯೂಟರ್ ಅರ್ಧ ಸರ್ಕಾರಿ ಕಚೇರಿಯಾಗಿದೆ. ಅದಕ್ಕೆ ಯಾವ ರಕ್ಷಣೆ ಬೇಕು ಎಂಬ ಪ್ರಶ್ನೆಯನ್ನು ನಮ್ಮ ಖಾಸಗಿ ವಿಷಯ ಎಂದು ಬಿಡಲಾಗುವುದಿಲ್ಲ. ಅಲ್ಲಿ ಇಟ್ಟಿರುವುದು ಬೇರೆಯವರ ನಂಬಿಕೆ.

ಈ ಪ್ರಶ್ನೆಗೆ ಈಗ ಇನ್ನೊಂದು ತುರ್ತು ಸೇರಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ಮರುದಿನವೂ ಎಂದಿನಂತೆ ಆನ್ ಆಯಿತು, ಹಾಗಾಗಿ ಬಹಳ ಜನರಿಗೆ ಏನೂ ಆಗಿಲ್ಲ ಅನ್ನಿಸಿತು. ಆದದ್ದು ಇಷ್ಟು: ಇನ್ನು ಮುಂದೆ ವಿಂಡೋಸ್ 10ರಲ್ಲಿ ಹೊಸ ದೋಷ ಕಂಡುಬಂದರೆ, ಬೇರೆ ಏರ್ಪಾಡು ಮಾಡಿಕೊಳ್ಳದವರಿಗೆ ಅದರ ರಿಪೇರಿ ಬರುವುದಿಲ್ಲ. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಭಾಗವನ್ನೂ, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರನ್ನೂ ಕೇಳುತ್ತದೆ. ಕಂಪನಿಗಳು ಬಳಸಿ ಬಿಟ್ಟ 10-12 ಸಾವಿರದ ಡೆಸ್ಕ್‌ಟಾಪ್‌ಗಳು ಎಷ್ಟೋ ಸಲ 4ನೇ ಅಥವಾ 6ನೇ ತಲೆಮಾರಿನವು. ನನ್ನದು 4ನೇದು. ಅಂದರೆ ಬಡವರ ಮನೆಗೆ ಬಂದ ಕಂಪ್ಯೂಟರುಗಳಿಗೇ ಮೊದಲು ರಿಪೇರಿ ನಿಂತಿದೆ.

ಒಂದು ಅಪ್‌ಡೇಟ್ ತಪ್ಪಿದರೆ ಏನು ಮಹಾ ಎನ್ನುವವರಿಗೆ ನಮ್ಮ ನದಿಯ ಮೇಲ್ಭಾಗದ ಒಂದು ಉದಾಹರಣೆ ಇದೆ. ಕಬಿನಿ ನಮಗೆ ಹರಿದು ಬರುವುದು ಕೇರಳದ ವಯನಾಡಿನಿಂದ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಲ್ಲಿ ಹರಡಿತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಬಿತ್ತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದವು. ಶನಿವಾರ, ಭಾನುವಾರ ಕಳೆದು ಸೋಮವಾರ ಕಚೇರಿ ತೆರೆದಾಗ ವಯನಾಡಿನ ತರಿಯೋಡು ಗ್ರಾಮ ಪಂಚಾಯಿತಿಯ ಕಂಪ್ಯೂಟರುಗಳಲ್ಲೂ 300 ಡಾಲರ್ ಕೊಡಿ ಎಂಬ ಅದೇ ಸಂದೇಶ ಕಾಣಿಸಿತು. ಲಂಡನ್ನಿಗೂ ಮಲೆನಾಡಿನ ಒಂದು ಪಂಚಾಯಿತಿಗೂ ಅದು ವ್ಯತ್ಯಾಸ ಮಾಡಲಿಲ್ಲ.

ಈ ಘಟನೆಯಲ್ಲಿ ನಾವು ಗಮನಿಸಬೇಕಾದದ್ದು ದಿನಾಂಕ. ವನ್ನಾಕ್ರೈ ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ರಿಪೇರಿ ಬಿಡುಗಡೆ ಮಾಡಿತ್ತು. ಎರಡು ತಿಂಗಳ ಸಮಯವಿತ್ತು. ಹಾಕಿಕೊಂಡವರು ಉಳಿದರು. ಮನೆಯವರು ‘ಯಾವ ಆಂಟಿವೈರಸ್ ಒಳ್ಳೇದು?’ ಎಂದು ಕೇಳುವುದಕ್ಕೆ ಮೊದಲು ‘ಕೊನೆಯ ಅಪ್‌ಡೇಟ್ ಯಾವಾಗ ಆಯಿತು?’ ಎಂದು ಕೇಳಬೇಕಾದದ್ದು ಇದಕ್ಕೇ.

ನಮ್ಮ ಕಡೆ ಅಪ್‌ಡೇಟ್ ಆಗದಿರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ನಮ್ಮ ಮನೆಯಲ್ಲಿ ಇಂಟರ್‌ನೆಟ್ ಎಂದರೆ ಮೊಬೈಲಿನ ಹಾಟ್‌ಸ್ಪಾಟ್. ದಿನಕ್ಕೆ ಸಿಗುವುದು ಒಂದೂವರೆ, ಎರಡು ಜಿಬಿ. ಒಂದು ದೊಡ್ಡ ಅಪ್‌ಡೇಟ್ ಬಂದರೆ ಆ ದಿನದ ಡೇಟಾ ಖಾಲಿ, ಆನ್‌ಲೈನ್ ಕ್ಲಾಸ್ ಹೋಯಿತು. ಮಧ್ಯೆ ಕರೆಂಟು ಹೋದರೆ ಯುಪಿಎಸ್ ಇಲ್ಲದ ಕಂಪ್ಯೂಟರ್ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಅಂಗಡಿಯವರೇ ಅಪ್‌ಡೇಟ್ ಬಂದ್ ಮಾಡಿ ಕೊಡುತ್ತಾರೆ. ಇನ್ನು ಕ್ರ್ಯಾಕ್ ಹಾಕಿದವರಿಗೆ, ಅಪ್‌ಡೇಟ್ ಆದರೆ ಎಲ್ಲಿ ಸಿಕ್ಕಿಬೀಳುತ್ತೇವೋ ಎಂಬ ಹೆದರಿಕೆ ಬೇರೆ. ನಾನು ಕಂಡುಕೊಂಡ ದಾರಿ ಸರಳ. ತಿಂಗಳಿಗೊಮ್ಮೆ, ಎರಡನೇ ಮಂಗಳವಾರ ಕಳೆದ ಮೇಲೆ ಬರುವ ಭಾನುವಾರವನ್ನು ಇದಕ್ಕೆಂದೇ ಇಟ್ಟಿದ್ದೇನೆ. ಮೈಕ್ರೋಸಾಫ್ಟ್ ತನ್ನ ಭದ್ರತಾ ರಿಪೇರಿಗಳನ್ನು ಬಿಡುವುದು ತಿಂಗಳ ಎರಡನೇ ಮಂಗಳವಾರ. ನಮಗೆ ಅದು ಬುಧವಾರ ಕೈಗೆ ಸಿಗುತ್ತದೆ. ಭಾನುವಾರ ರಾತ್ರಿ ಉಳಿದ ಡೇಟಾವನ್ನು ಅದಕ್ಕೇ ಬಿಡುತ್ತೇನೆ.

ಈಗ ಆಂಟಿವೈರಸ್ ವಿಷಯ. ನನ್ನ ಕಂಪ್ಯೂಟರ್ ಹಾಳಾದಾಗ ಎಲ್ಲರೂ ಕೊಟ್ಟ ಮೊದಲ ಸಲಹೆ ‘ಒಂದು ಒಳ್ಳೆ ಆಂಟಿವೈರಸ್ ತಗೊ’ ಎಂಬುದೇ. ಅಂಗಡಿಗೆ ಹೋಗುವ ಮುನ್ನ ಒಂದಿಷ್ಟು ಓದಿದೆ. ವಿಂಡೋಸ್ 8 ಬಂದ 2012ರಿಂದಲೇ ವಿಂಡೋಸ್‌ನೊಳಗೆ ಡಿಫೆಂಡರ್ ಎಂಬ ಆಂಟಿವೈರಸ್ ಸೇರಿಕೊಂಡಿದೆ. ಮೊದಮೊದಲು ಅದಕ್ಕೆ ಹೆಸರಿರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ನಡೆಸುವ ಪರೀಕ್ಷೆಗಳಲ್ಲಿ ಅದು ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶಗಳ ಸಾಲಿನಲ್ಲೇ ಅಂಕ ಪಡೆಯುತ್ತಿದೆ. ಅಂದರೆ ನಾನು ಆಫ್ ಮಾಡಿದ್ದು ಒಂದು ಒಳ್ಳೆಯ ಕಾವಲನ್ನೇ. ನನಗೆ ಕೊರತೆಯಾಗಿದ್ದದ್ದು ಹೊಸ ಕಾವಲುಗಾರ ಅಲ್ಲ, ಇದ್ದವನನ್ನು ಕೆಲಸ ಮಾಡಲು ಬಿಡುವ ಬುದ್ಧಿ.

ಹಾಗೆಂದು ಕೊಂಡುಕೊಳ್ಳುವುದೇ ತಪ್ಪು ಎನ್ನುತ್ತಿಲ್ಲ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದ್ದೇ ಕಂಪನಿಗಳು. ಅಂಗಡಿ ಇಟ್ಟು ದಿನವಿಡೀ ಹತ್ತಾರು ಜನರ ಪೆನ್‌ಡ್ರೈವ್ ಹಾಕಿಸಿಕೊಳ್ಳುವವರಿಗೆ, ತೊಂದರೆಯಾದಾಗ ಫೋನ್ ಮಾಡಿ ಕೇಳಲು ಒಬ್ಬರು ಬೇಕು ಎನ್ನುವವರಿಗೆ ಆ ಖರ್ಚು ಸಾರ್ಥಕ. ಆದರೆ ಎರಡೆರಡು ಆಂಟಿವೈರಸ್ ಹಾಕಬಾರದು. ಒಂದನ್ನೊಂದು ತಡೆದು 4 ಜಿಬಿ ರ‍್ಯಾಮ್‌ನ ನಮ್ಮ ಕಂಪ್ಯೂಟರನ್ನು ಎತ್ತಿನಗಾಡಿ ಮಾಡಿಬಿಡುತ್ತವೆ. ಕ್ರ್ಯಾಕ್ ಮಾಡಿದ ಆಂಟಿವೈರಸ್ ಬಗ್ಗೆ ಹೇಳುವುದೇ ಬೇಡ. ಕದ್ದ ಬೀಗವನ್ನು ಕಳ್ಳನ ಕೈಯಿಂದಲೇ ಕೊಂಡಂತೆ.

‘ಫ್ರೀ’ ಎಂದು ಸಿಗುವುದನ್ನೂ ನೋಡಿ ಆರಿಸಿಕೊಳ್ಳಬೇಕು. ಅವಾಸ್ಟ್ ಎಂಬ ಹೆಸರು ನಮ್ಮ ಕಾಲೇಜಿನ ಲ್ಯಾಬ್‌ಗಳಲ್ಲೂ ಪರಿಚಿತ. ಆ ಕಂಪನಿ ತನ್ನ ಬಳಕೆದಾರರು ಯಾವ ಜಾಲತಾಣ ನೋಡುತ್ತಾರೆ ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು ಎಂಬ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರುವರಿಯಲ್ಲಿ 1 ಕೋಟಿ 65 ಲಕ್ಷ ಡಾಲರ್ ಕಟ್ಟಬೇಕೆಂಬ ಕ್ರಮ ಪ್ರಕಟಿಸಿತು. ಆಂಟಿವೈರಸ್‌ಗೆ ಕಂಪ್ಯೂಟರಿನ ಪ್ರತಿ ಮೂಲೆಯನ್ನೂ ನೋಡುವ ಅಧಿಕಾರ ಕೊಡುತ್ತೇವೆ. ಆದ್ದರಿಂದ ಆ ಕಂಪನಿ ದುಡ್ಡು ಹೇಗೆ ಸಂಪಾದಿಸುತ್ತದೆ ಎಂದು ಕೇಳುವುದು ನಮ್ಮ ಹಕ್ಕು.

ನಿಜವಾಗಿಯೂ ಉಚಿತವಾದದ್ದು ನಮ್ಮ ಸರ್ಕಾರದ ಕಡೆಯಿಂದಲೇ ಇದೆ, ಗೊತ್ತಿರುವವರು ಕಡಿಮೆ. ಸರ್ಟ್-ಇನ್ ಸಂಸ್ಥೆ 2017ರ ಫೆಬ್ರುವರಿಯಲ್ಲಿ ‘ಸೈಬರ್ ಸ್ವಚ್ಛತಾ ಕೇಂದ್ರ’ ಆರಂಭಿಸಿತು. ಸೋಂಕು ತಗುಲಿದ ಕಂಪ್ಯೂಟರನ್ನು ಶುಚಿ ಮಾಡುವ ಸಾಧನಗಳನ್ನು ಅದರ ಜಾಲತಾಣದಲ್ಲಿ ದುಡ್ಡಿಲ್ಲದೆ ಪಡೆಯಬಹುದು. ಪೆನ್‌ಡ್ರೈವ್‌ಗಳ ಮೇಲೆ ಕಣ್ಣಿಡಲು ಸಿ-ಡ್ಯಾಕ್ ರೂಪಿಸಿದ ‘ಯುಎಸ್‌ಬಿ ಪ್ರತಿರೋಧ್’ ಕೂಡ ಅಲ್ಲಿ ಪ್ರಕಟವಾದ ಸಾಧನಗಳಲ್ಲಿ ಒಂದು. ಜೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಬಿಟ್ಟದ್ದನ್ನು ನೋಡದ ವಿದ್ಯಾರ್ಥಿ ನಮ್ಮಲ್ಲಿ ಯಾರಿದ್ದಾರೆ?

ವಿಂಡೋಸ್ 10ರಲ್ಲೇ ಉಳಿದವರ ಮುಂದೆ ಮೂರು ದಾರಿಗಳಿವೆ. ಮೊದಲನೆಯದು, ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರುವುದು. ಇದು 2026ರ ಅಕ್ಟೋಬರ್ 13ರವರೆಗೆ ರಿಪೇರಿ ಕೊಡುತ್ತದೆ ಎಂದು ಪ್ರಕಟಿಸಲಾಗಿದೆ. 30 ಡಾಲರ್ ಕೊಡಬಹುದು. ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆಯೂ ಸೇರಬಹುದು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಇದೆ. ನಾನು ಕಂಪ್ಯೂಟರನ್ನು ಪೂರ್ತಿ ಅಳಿಸಿ, ವಿಂಡೋಸನ್ನು ಹೊಸದಾಗಿ ಹಾಕಿ, ಹೀಗೇ ಸೇರಿಕೊಂಡೆ. ಎರಡನೆಯದು, ದುಡ್ಡು ಕೂಡಿಸಿ ಹೊಸದಕ್ಕೆ ಹೋಗುವುದು. ಅಪ್ಪನ ಮುಂದೆ ಆ ಮಾತೆತ್ತುವ ಧೈರ್ಯ ನನಗಿಲ್ಲ. ಮೂರನೆಯದು, ಲಿನಕ್ಸ್.

ಲಿನಕ್ಸ್ ಎಂದರೆ ಎಂಜಿನಿಯರುಗಳ ಸ್ವತ್ತು ಎಂದು ನಾನೂ ಅಂದುಕೊಂಡಿದ್ದೆ. ಆದರೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಮಕ್ಕಳು ಕಲಿಯುತ್ತಿರುವುದು ಅದರಲ್ಲೇ. ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗೆಂದೇ ಒಂದು ವ್ಯವಸ್ಥೆ ಸಿದ್ಧಪಡಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ನಮ್ಮ ಭಾಷೆಯ ಮಕ್ಕಳೇ ಕ್ರ್ಯಾಕ್ ಎಂಬ ಪದದ ಹಂಗಿಲ್ಲದೆ ಬರವಣಿಗೆ, ಚಿತ್ರ, ಲೆಕ್ಕ ಎಲ್ಲ ಕಲಿಯುತ್ತಿದ್ದಾರೆ. ಹಳೆಯ ಕಂಪ್ಯೂಟರಿನಲ್ಲೂ ಲಿನಕ್ಸ್ ಹಗುರವಾಗಿ ಓಡುತ್ತದೆ, ಅಪ್‌ಡೇಟ್ ಉಚಿತ, ಯೂನಿಕೋಡ್ ಕನ್ನಡ ಬರೆಯಬಹುದು. ತೊಡಕೂ ಇದೆ. ಹಳೆಯ ನುಡಿ ಫಾಂಟಿನ ಕಡತ, ಬೆರಳಚ್ಚು ಯಂತ್ರ, ಕೆಲವು ಪ್ರಿಂಟರುಗಳು ಅದರಲ್ಲಿ ಹಟ ಹಿಡಿಯುತ್ತವೆ. ನೇಮಕಾತಿಯ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಗೆ ಓದುವವರಿಗೆ ವಿಂಡೋಸ್, ಎಕ್ಸೆಲ್ ರೂಢಿಯೂ ಬೇಕು. ನಾನು ಸದ್ಯ ಒಂದು ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಮಿಂಟ್ ಹಾಕಿ ವಾರಕ್ಕೆರಡು ದಿನ ಅಭ್ಯಾಸ ಮಾಡುತ್ತಿದ್ದೇನೆ. ಅಕ್ಟೋಬರ್ ಬರುವ ಹೊತ್ತಿಗೆ ಕೈ ಕುದುರಬೇಕು. ಆಫೀಸ್ ಬದಲಿಗೆ ಲಿಬ್ರೆಆಫೀಸ್ ಈಗಲೇ ಬಳಸುತ್ತಿದ್ದೇನೆ. ಎಕ್ಸೆಲ್ ಸೂತ್ರಗಳ ಅಭ್ಯಾಸಕ್ಕೆ ಅದು ಧಾರಾಳವಾಗಿ ಸಾಕು.

ತಂತ್ರಾಂಶ ಯಾವುದೇ ಇರಲಿ, ಉಳಿದದ್ದು ರೂಢಿ. ನಮ್ಮ ಮನೆಯಲ್ಲಿ ಈಗ ಜಾರಿಯಲ್ಲಿರುವುದು ಇಷ್ಟು. ದಿನನಿತ್ಯದ ಬಳಕೆಗೆ ಅಡ್ಮಿನ್ ಅಲ್ಲದ ಸಾಮಾನ್ಯ ಖಾತೆ; ಏನಾದರೂ ಹೊಸದಾಗಿ ಹಾಕಬೇಕೆಂದರೆ ಅದು ಪಾಸ್‌ವರ್ಡ್ ಕೇಳುತ್ತದೆ, ಆ ಒಂದು ಕ್ಷಣ ಯೋಚಿಸಲು ಸಿಗುತ್ತದೆ. ಇಮೇಲ್‌ಗೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್, ಜೊತೆಗೆ ಎರಡು ಹಂತದ ದೃಢೀಕರಣ. ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಅವ್ವನ ಟ್ರಂಕಿನಲ್ಲಿಟ್ಟಿದ್ದೇನೆ. ಬ್ರೌಸರ್ ‘ಸೇವ್ ಮಾಡಲೇ?’ ಎಂದರೆ ಬೇಡ. ಬೇರೆಯವರ ಪೆನ್‌ಡ್ರೈವ್ ಹಾಕಿದರೆ ಮೊದಲು ಸ್ಕ್ಯಾನ್. ನನ್ನ ಅಂಕಪಟ್ಟಿ, ಪ್ರಮಾಣಪತ್ರಗಳ ಪ್ರತಿ ಒಂದು ಬೇರೆ ಡ್ರೈವ್‌ನಲ್ಲಿದೆ. ಪ್ರತಿ ಮಾಡುವಾಗ ಮಾತ್ರ ಅದನ್ನು ಚುಚ್ಚುತ್ತೇನೆ. ಸದಾ ಚುಚ್ಚಿಯೇ ಇದ್ದರೆ ಸುಲಿಗೆ ತಂತ್ರಾಂಶ ಅದಕ್ಕೂ ಬೀಗ ಹಾಕೀತು. ಆಂಟಿವೈರಸ್‌ಗೆಂದು ಎತ್ತಿಟ್ಟಿದ್ದ ದುಡ್ಡನ್ನು ಈ ಡ್ರೈವ್‌ಗೇ ಸೇರಿಸಿದೆ.

ಇಷ್ಟೆಲ್ಲ ಮಾಡಿದರೂ ತಂತ್ರಾಂಶ ತಡೆಯಲಾಗದ ಒಂದು ಬಾಗಿಲು ಉಳಿಯುತ್ತದೆ. ಅದು ನಮ್ಮ ಹೆದರಿಕೆ. ಪಿರಿಯಾಪಟ್ಟಣ ಕಡೆಯ ನಮ್ಮ ದೊಡ್ಡಪ್ಪನ ಲ್ಯಾಪ್‌ಟಾಪ್‌ನಲ್ಲಿ ಒಂದು ದಿನ ಪರದೆ ತುಂಬ ಕೆಂಪು ಅಕ್ಷರ, ಕಿವಿಗಡಚಿಕ್ಕುವ ಸದ್ದು. ‘ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ.’ ಹೊಗೆಸೊಪ್ಪು ಮಾರಿದ ಹಣ ಅದೇ ವಾರ ಖಾತೆಗೆ ಬಂದಿತ್ತು. ಕರೆ ಮಾಡಿದರು. ಆ ಕಡೆಯವನು ಮರ್ಯಾದೆಯಿಂದ ಮಾತಾಡಿ, ದೂರದಿಂದ ಕಂಪ್ಯೂಟರ್ ನೋಡುವ ಆ್ಯಪ್ ಹಾಕಿಸಿದ. ‘ಬ್ಯಾಂಕ್ ಖಾತೆಗೆ ಏನೂ ಆಗಿಲ್ಲವಲ್ಲ, ಒಮ್ಮೆ ತೆರೆದು ನೋಡಿ ಸಾರ್’ ಎಂದ. ಅಷ್ಟರಲ್ಲಿ ಪಿಯುಸಿ ಓದುವ ಅವರ ಮಗಳು ಬಂದು ನೆಟ್ ಕಿತ್ತುಹಾಕಿದಳು. ಆ ಕೆಂಪು ಪರದೆ ಬರೀ ಒಂದು ವೆಬ್ ಪುಟ. ಬ್ರೌಸರ್ ಮುಚ್ಚಿದ್ದರೆ ಮುಗಿಯುತ್ತಿತ್ತು. ಯಾವ ಕಂಪನಿಯೂ ಪರದೆಯ ಮೇಲೆ ತನ್ನ ಫೋನ್ ನಂಬರ್ ಬರೆದು ಕರೆ ಮಾಡಿ ಎನ್ನುವುದಿಲ್ಲ.

ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ 2024ರಲ್ಲಿ ದೇಶದ ಜನ ಸೈಬರ್ ವಂಚನೆಯಲ್ಲಿ ಕಳೆದುಕೊಂಡದ್ದು ಸುಮಾರು 22,845 ಕೋಟಿ ರೂಪಾಯಿ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಹಣ ಕೈಬದಲಾಗುವ ಮುನ್ನ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಸೈಬರ್ ದೂರುಗಳಿಗೆಂದೇ ಮೈಸೂರು ಜಿಲ್ಲೆಯಲ್ಲೂ ಸೆನ್ ಪೊಲೀಸ್ ಠಾಣೆ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಒಂದು ಮುಖ್ಯ ಮಾತು ಹೇಳುತ್ತದೆ: ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ವಂಚನೆಯಾಗಿ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ. ಆದರೆ ಒಟಿಪಿಯನ್ನು ನಾವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ.

ಒಟಿಪಿ ಕೊಡದಿದ್ದರೂ ಹಣ ಹೋಗಬಹುದೇ? 2023ರಲ್ಲಿ ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ತೆಗೆದ ದೂರುಗಳು ಬಂದಿದ್ದವು. ಆಮೇಲೆ ಆನ್‌ಲೈನ್ ದಾಖಲೆಗಳಲ್ಲಿ ಬೆರಳಚ್ಚು ಕಾಣದಂತೆ ಮಾಡಲಾಯಿತು. ನನ್ನ ಡೌನ್‌ಲೋಡ್ಸ್ ಫೋಲ್ಡರಿನ ಹನ್ನೊಂದು ಮನೆಯವರನ್ನು ನೆನೆದಾಗ ನನಗೆ ನಿದ್ದೆ ಬರದಂತೆ ಮಾಡಿದ್ದು ಈ ಸುದ್ದಿಯೇ.

ಇಲ್ಲಿ ಒಂದು ಮಾತನ್ನು ಸರ್ಕಾರಕ್ಕೂ ಕೇಳಬೇಕಿದೆ. ಅರ್ಜಿ, ಪಹಣಿ, ವಿದ್ಯಾರ್ಥಿವೇತನ, ಯುವನಿಧಿ ಎಲ್ಲವನ್ನೂ ಆನ್‌ಲೈನ್ ಮಾಡಿದಿರಿ, ಒಳ್ಳೆಯದೇ. ಆದರೆ ಆ ಅರ್ಜಿ ತುಂಬುವ ಕಂಪ್ಯೂಟರ್ ಸುರಕ್ಷಿತವಾಗಿರುವ ಹೊಣೆ ಯಾರದು? ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇಡುವ ಕೆಲಸ ನಡೆದಿದೆ. ಅವು ಅಪ್‌ಡೇಟ್ ಆಗಿದ್ದು, ಸಂಜೆ ಆರರ ಮೇಲೂ ತೆರೆದಿದ್ದು, ಹೊಸ ಅಪ್‌ಡೇಟ್‌ಗಳನ್ನು ಊರವರು ಅಲ್ಲಿನ ಸಂಪರ್ಕದಲ್ಲೇ ಇಳಿಸಿಕೊಳ್ಳುವಂತಿದ್ದರೆ ನಮ್ಮಂಥವರ ನಡುಮನೆಯ ಮೇಲಿನ ಭಾರ ಅರ್ಧ ಇಳಿಯುತ್ತದೆ. ಪದವಿ ಕಾಲೇಜುಗಳಲ್ಲಿ ಕಂಪ್ಯೂಟರ್ ಪಾಠ ಎಂದರೆ ಇನ್ನೂ ಮೌಸ್, ಮಾನಿಟರ್‌ಗಳ ವ್ಯಾಖ್ಯೆ. ಒಂದು ಪೂರ್ತಿ ಗಂಟೆ, ಕ್ರ್ಯಾಕ್ ಹಾಕಿದರೆ ಏನಾಗುತ್ತದೆ ಎಂದು ಯಾರಾದರೂ ಮೇಷ್ಟ್ರು ಹೇಳಿದ್ದರೆ ನನ್ನ ಆ ಆರು ದಿನ ಉಳಿಯುತ್ತಿತ್ತು. ಕೇಳಬೇಕಾದದ್ದನ್ನು ಕೇಳುತ್ತಲೇ, ನಮ್ಮ ಕೈಲಾದದ್ದನ್ನು ನಾವು ಮಾಡಬೇಕು.

ನನ್ನ ಕೈಲಾದದ್ದು ಹನ್ನೊಂದು ಮನೆಗೂ ಹೋಗಿ ನಡೆದದ್ದನ್ನು ಹೇಳಿದ್ದು. ಕಂಪ್ಯೂಟರ್ ರಿಪೇರಿಗಿಂತ ಅದೇ ಕಷ್ಟವಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ. ಕೊನೆ ಮನೆಯ ಅಜ್ಜಿ, ‘ಹಂಗಾರೆ ಈಗ ಏನ್ ಮಾಡದವ್ವ?’ ಎಂದಷ್ಟೇ ಕೇಳಿದರು. ಒಪ್ಪಿದವರ ಆಧಾರ್ ಬೆರಳಚ್ಚನ್ನು ಅವರದೇ ಫೋನಿಗೆ ಬಂದ ಒಟಿಪಿಯಿಂದ ಲಾಕ್ ಮಾಡಿಕೊಟ್ಟೆ. ಲಾಕ್ ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೂ ಒಪ್ಪುವುದಿಲ್ಲ. ಹಾಗಾಗಿ ರೇಷನ್ ತರುವ ದಿನ ಅವರು ನಮ್ಮ ಮನೆಗೆ ಬಂದು ತೆಗೆಸಿಕೊಂಡು ಹೋಗುತ್ತಾರೆ, ಸಂಜೆ ಮತ್ತೆ ಹಾಕಿಸುತ್ತಾರೆ. ತಿಂಗಳಿಗೊಮ್ಮೆ ಆ ಕೆಲಸ ನನ್ನ ಪಾಲಿಗೆ ಬಂದಿದೆ. ತಪ್ಪಿಗೆ ಕಟ್ಟುವ ದಂಡ ಎಂದುಕೊಂಡಿದ್ದೇನೆ.

ಈಗಲೂ ಜನ ಬರುತ್ತಾರೆ. ಎಲ್ಲಿ ಸಾಲುತ್ತದೋ ಅಲ್ಲಿ ಮೊದಲ ಎಂಟು ಅಂಕಿ ಮರೆಮಾಚಿದ ಆಧಾರ್ ಪ್ರತಿಯನ್ನೇ ತೆಗೆದುಕೊಡುತ್ತೇನೆ. ಪ್ರಿಂಟ್ ಕೈಗಿತ್ತ ಮೇಲೆ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವರು ನೋಡುತ್ತಿರುವಾಗಲೇ ಫೈಲ್ ಅಳಿಸಿ ಕಸದ ಬುಟ್ಟಿಯನ್ನೂ ಖಾಲಿ ಮಾಡುತ್ತೇನೆ. ಮೊನ್ನೆ ಬಂದ ಪಕ್ಕದ ಮನೆಯ ಮಾವ ಪ್ರಿಂಟ್ ಮಡಚಿ ಜೇಬಿಗಿಟ್ಟುಕೊಂಡು ಏಳಲಿಲ್ಲ. ‘ಅದೇನೋ ಅಳಿಸ್ತೀಯಲ್ಲ, ಅಳಿಸವ್ವ ಮೊದ್ಲು’ ಎಂದರು.